ಬಿಟ್ಟಿ ನೋಟದ ಬೆಲೆ ತೆರುವವರು ಯಾರು?

ಜಪಾನಿನ ಚಿತ್ರಕಥೆಗಳು, ಅವನ್ನು ಬರೆಯುವ ಕೈಗಳು, ನೋಡುವ ನಾವು

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಮನುಷ್ಯಸ್ವಭಾವವನ್ನು ನಗುನಗುತ್ತಲೇ ಚುಚ್ಚುವ ಈ ಮಾತು ಇಂದಿನ ಅಂತರಜಾಲಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು. ಅಂಗಡಿಯಲ್ಲಿ ಒಂದು ಪೆನ್ಸಿಲನ್ನು ಕೇಳದೆ ಎತ್ತಿಕೊಳ್ಳಲು ಅಂಜುವ ಸಂಭಾವಿತರೂ, ಒಂದು ಇಡೀ ಚಲನಚಿತ್ರವನ್ನು ಕದ್ದ ಪ್ರತಿಯಲ್ಲಿ ನೋಡಿ ಮುಗಿಸಿ, ಮನಸ್ಸಿಗೆ ಯಾವ ಕಸಿವಿಸಿಯೂ ಇಲ್ಲದೆ ಮಲಗುತ್ತಾರೆ. ಕದ್ದದ್ದು ಕೈಗೆ ಸಿಕ್ಕುವ ವಸ್ತುವಲ್ಲ. ಕಳೆದುಕೊಂಡವನ ಮುಖವೂ ಕಣ್ಣಿಗೆ ಬೀಳುವುದಿಲ್ಲ. ಆ ಕಾಣದ ಮುಖದ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ನಮ್ಮ ನಗರಗಳ ಮನೆಗಳಲ್ಲಿ ಶಾಲೆ ಕಾಲೇಜುಗಳಿಗೆ ಹೋಗುವ ಮಕ್ಕಳು ಇಂದು ಕಣ್ಣು ಕೀಳದೆ ನೋಡುವ ಚಿತ್ರಗಳಲ್ಲಿ ಜಪಾನಿನ ‘ಅನಿಮೆ’ಗೆ ಮುಖ್ಯವಾದ ಸ್ಥಾನವಿದೆ. ಅನಿಮೆಯೆಂದರೆ ಜಪಾನೀಯರು ಬರೆದು, ಬಣ್ಣ ಹಚ್ಚಿ, ಚಲನೆ ಕೊಟ್ಟ ಚಿತ್ರಕಥೆ. ನರುಟೊ, ಒನ್ ಪೀಸ್, ಡೆಮನ್ ಸ್ಲೇಯರ್ ಎಂಬ ಹೆಸರುಗಳು ತಂದೆತಾಯಿಗಳಿಗೆ ವಿಚಿತ್ರವೆನಿಸಬಹುದು. ಆದರೆ ೧೯೯೦ರ ದಶಕದಲ್ಲಿ ಇದೇ ತಂದೆತಾಯಿಗಳು ದೂರದರ್ಶನದ ಮುಂದೆ ಕುಳಿತು ನೋಡಿದ ಕಾಡಿನ ಹುಡುಗ ಮೋಗ್ಲಿಯೂ ಜಪಾನಿನವನೇ. ಕಿಪ್ಲಿಂಗನ ಕಥೆಯನ್ನು ಆಧರಿಸಿದ ಆ ಮಾಲೆಯನ್ನು ನಿಪ್ಪಾನ್ ಆನಿಮೇಷನ್ ಎಂಬ ಸಂಸ್ಥೆ ೧೯೮೯ರಲ್ಲಿ ತಯಾರಿಸಿತು. ಅಂದಮೇಲೆ ಈ ಅತಿಥಿ ನಮ್ಮ ಮನೆಗೆ ಹೊಸಬನಲ್ಲ. ಬದಲಾದದ್ದು ಅವನು ಬರುವ ಬಾಗಿಲು ಮಾತ್ರ. ಅಂದು ಸರಕಾರದ ದೂರದರ್ಶನ ಅವನನ್ನು ಕರೆತಂದಿತು. ಇಂದು ಅನೇಕ ಮನೆಗಳಿಗೆ ಅವನು ಬರುವುದು ಹಿತ್ತಿಲ ಬಾಗಿಲಿನಿಂದ, ಯಾರ ಅಪ್ಪಣೆಯೂ ಇಲ್ಲದೆ ಚಿತ್ರಗಳನ್ನು ನಕಲು ಮಾಡಿ ಹಂಚುವ ಕಳ್ಳ ತಾಣಗಳ ಮೂಲಕ.

ಒಂದು ಕಂತಿನ ಹಿಂದಿನ ದುಡಿಮೆ

ಒಂದು ಕಂತು ಸುಮಾರು ೨೪ ನಿಮಿಷದ್ದು. ಪರದೆಯ ಮೇಲೆ ಸೆಕೆಂಡಿಗೆ ೨೪ ಚೌಕಟ್ಟುಗಳು ಓಡುತ್ತವೆ. ಲೆಕ್ಕ ಹಾಕಿದರೆ ಒಂದು ಕಂತಿಗೆ ೩೪,೦೦೦ಕ್ಕೂ ಮಿಕ್ಕ ಚೌಕಟ್ಟುಗಳಾದವು. ಅಷ್ಟೂ ಚಿತ್ರಗಳನ್ನು ಬೇರೆಬೇರೆಯಾಗಿ ಬರೆಯುವುದು ಅಸಾಧ್ಯ. ಆದ್ದರಿಂದ ಜಪಾನೀಯರು ಒಂದೇ ಚಿತ್ರವನ್ನು ಎರಡು ಅಥವಾ ಮೂರು ಚೌಕಟ್ಟುಗಳಿಗೆ ಬಳಸುವ, ಮಾತನಾಡುವಾಗ ಬಾಯಿಯನ್ನಷ್ಟೇ ಅಲುಗಿಸುವ ಮಿತವ್ಯಯದ ಕ್ರಮವನ್ನು ರೂಢಿಸಿಕೊಂಡರು. ಹೀಗೆ ಉಳಿತಾಯ ಮಾಡಿದ ಮೇಲೂ ಒಂದು ಕಂತಿಗೆ ಕೆಲವು ಸಾವಿರ ಚಿತ್ರಗಳು ಬೇಕೇ ಬೇಕು.

ಈ ಕೆಲಸದಲ್ಲಿ ಅಂತಸ್ತುಗಳಿವೆ. ನುರಿತ ಚಿತ್ರಕಾರನು ಒಂದು ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಾನೆ. ಕತ್ತಿ ಮೇಲೆತ್ತಿದ್ದು ಒಂದು ಚಿತ್ರ, ಅದು ಕೆಳಗಿಳಿದದ್ದು ಇನ್ನೊಂದು. ಇವೆರಡರ ನಡುವೆ ಕತ್ತಿ ಸಾಗಿದ ದಾರಿಯನ್ನು ತುಂಬುವವನು ಬೇರೊಬ್ಬ. ಆತ ಬರೆಯುವವು ನಡುಚಿತ್ರಗಳು. ಈ ವೃತ್ತಿಗೆ ಕಾಲಿಡುವ ತರುಣ ತರುಣಿಯರಲ್ಲಿ ಹೆಚ್ಚಿನವರು ಮೊದಲು ಮಾಡಬೇಕಾದದ್ದು ಈ ನಡುಚಿತ್ರದ ಕೆಲಸವೇ. ಇದಕ್ಕೆ ಸಂಬಳಕ್ಕಿಂತ ಹೆಚ್ಚಾಗಿ ಎಣಿಕೆಯ ಮೇಲೆ ಕೂಲಿ ಕೊಡುವ ವಾಡಿಕೆ ಬೆಳೆದುಬಂದಿದೆ. ಒಂದು ಚಿತ್ರಕ್ಕೆ ೨೦೦ ಯೆನ್ನಿನ ಆಸುಪಾಸು, ಎಂದರೆ ನಮ್ಮ ನೂರು, ನೂರಿಪ್ಪತ್ತು ರೂಪಾಯಿ, ಎಂಬುದು ಬಹುಕಾಲದಿಂದ ಕೇಳಿಬರುತ್ತಿರುವ ದರ.

ಜಪಾನಿನ ಆನಿಮೇಷನ್ ಕಲಾವಿದರ ಸಂಘವಾದ ‘ಜಾನಿಕಾ’ ೨೦೧೫ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿತು. ಅದರ ಪ್ರಕಾರ ೨೦೧೩ರಲ್ಲಿ ನಡುಚಿತ್ರಕಾರರ ಸರಾಸರಿ ವಾರ್ಷಿಕ ಸಂಪಾದನೆ ೧೧,೧೩,೦೦೦ ಯೆನ್. ಚಿತ್ರಕ್ಕೆ ೨೦೦ ಯೆನ್ನಿನಂತೆ ಹಿಡಿದರೆ, ಅಷ್ಟನ್ನು ಗಳಿಸಲು ವರ್ಷಕ್ಕೆ ಐದೂವರೆ ಸಾವಿರ ಚಿತ್ರಗಳನ್ನು ಬರೆಯಬೇಕು. ತಿಂಗಳಿಗೆ ಹಂಚಿದರೆ ಒಂದು ಲಕ್ಷ ಯೆನ್ ಕೂಡ ಆಗುವುದಿಲ್ಲ. ಟೋಕಿಯೋದಂಥ ದುಬಾರಿ ನಗರದಲ್ಲಿ ಮನೆಬಾಡಿಗೆ ಕೊಟ್ಟ ಮೇಲೆ ಇದರಲ್ಲಿ ಉಳಿಯುವುದೆಷ್ಟು ಎಂಬುದನ್ನು ಸಂಸಾರವಂತರಾದ ವಾಚಕರಿಗೆ ವಿವರಿಸಬೇಕಾಗಿಲ್ಲ. ಚಿತ್ರಕಲೆಯ ಮೇಲಿನ ವ್ಯಾಮೋಹದಿಂದ ಬಂದ ಎಷ್ಟೋ ಯುವಕರು ಕೆಲವೇ ವರ್ಷಗಳಲ್ಲಿ ಪೆನ್ಸಿಲನ್ನು ಕೆಳಗಿಟ್ಟು ಬೇರೆ ಉದ್ಯೋಗವನ್ನು ಅರಸಿ ಹೊರಟುಹೋಗುತ್ತಾರೆ.

ಮೊದಲಿನಿಂದಲೇ ಕಡಿಮೆ ಬೆಲೆ

ಲಕ್ಷೋಪಲಕ್ಷ ಜನ ನೋಡುವ ಕಲೆಗೆ ಈ ಬಡತನವೇಕೆ ಎಂದು ಕೇಳಬಹುದು. ಅದರ ಬೇರು ೧೯೬೩ರಷ್ಟು ಹಿಂದಕ್ಕೆ ಹೋಗುತ್ತದೆ. ಜಪಾನಿನ ಚಿತ್ರಕಥೆಗಳ ಪಿತಾಮಹನೆನಿಸಿದ ಒಸಾಮು ತೆಜುಕಾ ಆ ವರ್ಷದ ಜನವರಿ ೧ರಂದು ಫುಜಿ ಟೆಲಿವಿಷನ್‌ನಲ್ಲಿ ‘ಟೆಟ್ಸುವಾನ್ ಆಟಮು’ ಎಂಬ ವಾರದ ಮಾಲೆಯನ್ನು ಆರಂಭಿಸಿದರು. ಲೋಕವು ಅದನ್ನು ‘ಆಸ್ಟ್ರೋ ಬಾಯ್’ ಎಂದು ಬಲ್ಲದು. ಪ್ರಸಾರಕ್ಕೆ ಸಂಸ್ಥೆಯನ್ನು ಒಪ್ಪಿಸುವ ಸಲುವಾಗಿ ತೆಜುಕಾ ಒಂದೊಂದು ಕಂತನ್ನೂ ತಯಾರಿಕೆಯ ಖರ್ಚಿಗಿಂತ ಬಹಳ ಕಡಿಮೆ ಬೆಲೆಗೆ ಕೊಟ್ಟರು. ನಷ್ಟವನ್ನು ತುಂಬಿಕೊಂಡದ್ದು ಬೇರೆ ದಾರಿಗಳಿಂದ: ಆ ಪುಟ್ಟ ಯಂತ್ರಬಾಲಕನ ಚಿತ್ರ ಹೊತ್ತ ಆಟಿಕೆ, ಚಾಕೊಲೇಟುಗಳ ಮಾರಾಟದಿಂದ ಬಂದ ಪಾಲು, ಮತ್ತು ಅಮೆರಿಕಕ್ಕೆ ಕಂತುಗಳನ್ನು ಮಾರಿದ ಹಣ. ಆದರೂ ತೆಜುಕಾ ಕಟ್ಟಿದ ಮುಷಿ ಪ್ರೊಡಕ್ಷನ್ ೧೯೭೩ರಲ್ಲಿ ದಿವಾಳಿಯಾಯಿತು.

ಈ ಇತಿಹಾಸದಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ತಿರುಳಿದೆ. ಅನಿಮೆಯ ಜೀವನಾಧಾರವು ಅದರ ಮೊದಲ ಪ್ರಸಾರದಲ್ಲಿ ಇಲ್ಲ, ಅನಂತರದ ಸಂಪಾದನೆಯಲ್ಲಿದೆ. ಬೇರೆ ದೇಶಗಳಿಗೆ ಕೊಟ್ಟ ಹಕ್ಕು, ಮುದ್ರಿತ ಪ್ರತಿಗಳು, ಅಂತರಜಾಲದ ಪ್ರಸಾರ, ಆಟಿಕೆ ಪುಸ್ತಕಗಳು, ಇವುಗಳಿಂದ ನಿಧಾನವಾಗಿ ಬಂದು ಸೇರುವ ಹಣವೇ ಮುಂದಿನ ಚಿತ್ರಕ್ಕೆ ಬಂಡವಾಳ. ಕಳ್ಳ ಪ್ರತಿಯ ಏಟು ಬೀಳುವುದೂ ಸರಿಯಾಗಿ ಇದೇ ಜಾಗಕ್ಕೆ.

ಹಣ ಚಿತ್ರಕಾರನಿಗೆ ಮುಟ್ಟುತ್ತದೆಯೆ?

ಕಳ್ಳ ತಾಣಗಳಲ್ಲಿ ನೋಡುವ ತರುಣರನ್ನು ಕೇಳಿದರೆ ಒಂದು ಉತ್ತರ ಸಿದ್ಧವಾಗಿರುತ್ತದೆ: “ನಾವು ಕೊಟ್ಟ ಹಣ ದೊಡ್ಡ ಕಂಪನಿಗಳ ತಿಜೋರಿ ಸೇರುತ್ತದೆ, ಬಡ ಚಿತ್ರಕಾರನಿಗೆ ಬಿಡಿಗಾಸೂ ಹೋಗುವುದಿಲ್ಲ. ಮತ್ತೇಕೆ ಕೊಡಬೇಕು?” ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ, ಅದರಲ್ಲಿ ಅರ್ಧ ಸತ್ಯವಿದೆ.

ಇಂದು ಬಹುಪಾಲು ಅನಿಮೆಗಳ ಹಿಂದೆ ಒಂದು ‘ನಿರ್ಮಾಣ ಸಮಿತಿ’ ಇರುತ್ತದೆ. ಪುಸ್ತಕ ಪ್ರಕಾಶಕರು, ದೂರದರ್ಶನ ಸಂಸ್ಥೆ, ಸಂಗೀತದ ಕಂಪನಿ, ಆಟಿಕೆ ತಯಾರಕರು, ಜಾಹೀರಾತು ಸಂಸ್ಥೆ ಮೊದಲಾದವರು ಕೂಡಿ ಬಂಡವಾಳ ಹೂಡುತ್ತಾರೆ. ಚಿತ್ರ ಸೋತರೆ ನಷ್ಟವನ್ನು ಹಂಚಿಕೊಳ್ಳುತ್ತಾರೆ, ಗೆದ್ದರೆ ಲಾಭವನ್ನು ಹಂಚಿಕೊಳ್ಳುತ್ತಾರೆ. ಚಿತ್ರವನ್ನು ನಿಜವಾಗಿ ಬರೆಯುವ ಸ್ಟುಡಿಯೋ ಆ ಸಮಿತಿಯಲ್ಲಿ ಬಂಡವಾಳ ಹಾಕದಿದ್ದರೆ ಅದಕ್ಕೆ ಸಿಗುವುದು ಗೊತ್ತುಮಾಡಿದ ತಯಾರಿಕೆಯ ವೆಚ್ಚ ಮಾತ್ರ. ಚಿತ್ರ ಲೋಕವಿಖ್ಯಾತವಾದರೂ ಪಾಲು ಬೆಳೆಯುವುದಿಲ್ಲ. ೨೦೨೪ರಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡವೊಂದು ಜಪಾನಿನ ಕುರಿತು ಸಲ್ಲಿಸಿದ ವರದಿಯಲ್ಲಿಯೂ ಅನಿಮೆ ಕೆಲಸಗಾರರ ಅಲ್ಪ ವೇತನ ಮತ್ತು ದೀರ್ಘ ದುಡಿಮೆಯ ಪ್ರಸ್ತಾಪ ಬಂದಿದೆ.

ಇಷ್ಟೆಲ್ಲ ನಿಜ. ಆದರೆ ಇದರಿಂದ ಕದ್ದು ನೋಡುವುದು ಸರಿಯೆಂದು ತೀರ್ಮಾನವಾಗುವುದೆಂತು? ರೈತನಿಗೆ ನ್ಯಾಯವಾದ ಬೆಲೆ ಸಿಗುತ್ತಿಲ್ಲವೆಂದು ಮಂಡಿಯಿಂದ ಅಕ್ಕಿಯ ಮೂಟೆಯನ್ನು ಹೊತ್ತುಕೊಂಡು ಹೋದರೆ ರೈತನ ಉದ್ಧಾರವಾಯಿತೆ? ಅನೇಕ ಮಾಲೆಗಳಿಗೆ ಬೇರೆ ದೇಶಗಳ ಪ್ರಸಾರ ಸಂಸ್ಥೆಗಳು ಹಕ್ಕಿನ ಹಣ ಕೊಡುತ್ತವೆ. ಎಷ್ಟು ಕೊಡಬೇಕೆಂಬುದು ಎಷ್ಟು ಜನ ನೋಡುತ್ತಾರೆ ಎಂಬ ಅಂದಾಜಿನ ಮೇಲೆ ನಿಂತಿದೆ. ನೋಡುವವರ ಲೆಕ್ಕ ಏರಿದರೆ ಮುಂದಿನ ಭಾಗ ತಯಾರಾಗುತ್ತದೆ, ತಯಾರಿಕೆಯ ವೆಚ್ಚಕ್ಕೆ ಹೆಚ್ಚಿನ ಹಣ ಕೇಳುವ ಧೈರ್ಯ ಸ್ಟುಡಿಯೋಗೆ ಬರುತ್ತದೆ. ಲೆಕ್ಕ ಇಳಿದರೆ ಕಥೆ ಅರ್ಧದಲ್ಲಿಯೇ ನಿಲ್ಲುತ್ತದೆ. ಆಗ ಮೊದಲು ಕೆಲಸ ಕಳೆದುಕೊಳ್ಳುವವನು ತಿಜೋರಿಯ ಯಜಮಾನನಲ್ಲ, ನಡುಚಿತ್ರ ಬರೆಯುವ ಹುಡುಗ. ನ್ಯಾಯಮಾರ್ಗದಲ್ಲಿ ನೋಡಿದ ಮಾತ್ರಕ್ಕೆ ಅವನ ಕಷ್ಟವೆಲ್ಲ ತೀರುವುದಿಲ್ಲ. ಆದರೆ ಅವನಿಗೆ ನ್ಯಾಯ ದೊರೆಯುವ ದಾರಿ ಯಾವುದಾದರೂ ಇದ್ದರೆ ಅದು ಈ ಬಾಗಿಲಿನಿಂದಲೇ ಹಾದುಹೋಗಬೇಕು. ಬೆಲೆ ಕೊಟ್ಟವನಿಗೆ “ನನ್ನ ಹಣವನ್ನು ಹೇಗೆ ಹಂಚಿದಿರಿ?” ಎಂದು ಕೇಳುವ ಅಧಿಕಾರವಿದೆ. ಕದ್ದವನಿಗೆ ಅದೆಲ್ಲಿಯದು?

ಕ್ಯೋಟೋದ ಒಂದು ಉದಾಹರಣೆ

ಹಣವು ಚಿತ್ರಕಾರನವರೆಗೂ ತಲುಪುವಂತೆ ವ್ಯವಸ್ಥೆಯನ್ನು ಕಟ್ಟಿಕೊಂಡವರೂ ಇಲ್ಲದಿಲ್ಲ. ಮುಷಿ ಪ್ರೊಡಕ್ಷನ್‌ನಲ್ಲಿ ಬಣ್ಣ ಹಚ್ಚುವ ಕೆಲಸ ಕಲಿತಿದ್ದ ಯೋಕೋ ಹಟ್ಟಾ ಎಂಬ ಮಹಿಳೆ ಕ್ಯೋಟೋದ ಸಮೀಪದ ಉಜಿಗೆ ಬಂದು ನೆಲೆಸಿ, ನೆರೆಯ ಗೃಹಿಣಿಯರನ್ನು ಕೂಡಿಸಿಕೊಂಡು ೧೯೮೧ರಲ್ಲಿ ಒಂದು ಸಣ್ಣ ಕಾರ್ಯಾಲಯವನ್ನು ತೆರೆದರು. ಅದೇ ಮುಂದೆ ಪತಿ ಹಿದೆಯಾಕಿ ಹಟ್ಟಾರ ನೇತೃತ್ವದಲ್ಲಿ ‘ಕ್ಯೋಟೋ ಆನಿಮೇಷನ್’ ಆಗಿ ಬೆಳೆಯಿತು. ಇಲ್ಲಿ ಚಿತ್ರಕ್ಕಿಷ್ಟು ಎಂಬ ಕೂಲಿಯಿಲ್ಲ. ಚಿತ್ರಕಾರರು ಮಾಸಿಕ ಸಂಬಳದ ನೌಕರರು. ಸಂಸ್ಥೆ ತಾನೇ ಕಾದಂಬರಿಗಳನ್ನು ಪ್ರಕಟಿಸಿ, ಅವುಗಳನ್ನೇ ಚಿತ್ರವಾಗಿ ತಯಾರಿಸಿತು. ‘ವಯೊಲೆಟ್ ಎವರ್‌ಗಾರ್ಡನ್’ ಅಂಥ ಒಂದು ಕೃತಿ. ಹಕ್ಕಿನಲ್ಲಿ ತನಗೂ ಪಾಲಿದ್ದುದರಿಂದ ನೋಡುಗರು ಕೊಟ್ಟ ಹಣದಲ್ಲಿ ಒಂದಂಶ ಸ್ಟುಡಿಯೋಗೇ ಹಿಂದಿರುಗುತ್ತಿತ್ತು.

೨೦೧೯ರ ಜುಲೈ ೧೮ರಂದು ದುಷ್ಕರ್ಮಿಯೊಬ್ಬ ಆ ಸ್ಟುಡಿಯೋಗೆ ಬೆಂಕಿಯಿಟ್ಟ. ೩೬ ಮಂದಿ ಕಲಾವಿದರು, ಕೆಲಸಗಾರರು ಪ್ರಾಣ ಕಳೆದುಕೊಂಡರು. ಆ ಸುದ್ದಿ ಹರಡಿದಾಗ ಪ್ರಪಂಚದ ಮೂಲೆಮೂಲೆಗಳಿಂದ ಅಭಿಮಾನಿಗಳು ಆ ಸಂಸ್ಥೆಯ ಅಂತರಜಾಲದ ಅಂಗಡಿಗೆ ಹೋಗಿ ಚಿತ್ರಗಳ ಡಿಜಿಟಲ್ ಪ್ರತಿಗಳನ್ನು ಹಣ ಕೊಟ್ಟು ಕೊಂಡರು. ಆ ಪ್ರತಿಗಳನ್ನು ಕಟ್ಟಿ ಕಳುಹಿಸುವ ಶ್ರಮ ಯಾರಿಗೂ ಇರಲಿಲ್ಲ. ದುಃಖದಲ್ಲಿದ್ದ ಸಂಸ್ಥೆಗೆ ಹಣ ನೇರವಾಗಿ ಮುಟ್ಟಲಿ ಎಂಬುದೊಂದೇ ಅವರ ಆಸೆ. ಜಪಾನಿನಲ್ಲಿ ಕೂಡಿದ ದೇಣಿಗೆಯೇ ೩೩೦ ಕೋಟಿ ಯೆನ್ನಿಗೂ ಮಿಕ್ಕಿತು. ಚಿತ್ರ ಬರೆದ ಕೈಯೊಂದು ಎಲ್ಲೋ ಇದೆ, ಅದು ನೋಯುತ್ತದೆ ಎಂಬ ಅರಿವು ಆ ದಿನ ಎಲ್ಲರಿಗೂ ಏಕಕಾಲದಲ್ಲಿ ಆಯಿತು. ಆ ಅರಿವು ಮೂಡಲು ಅಷ್ಟು ಘೋರವಾದ ದುರಂತವೇ ಬೇಕೆ ಎಂಬುದು ಯೋಚಿಸಬೇಕಾದ ಮಾತು.

ಕಳ್ಳದಾರಿಯೇ ರಾಜಮಾರ್ಗವಾದ ಕಥೆ

ಹೊರದೇಶಗಳ ಅಭಿಮಾನಿಗಳು ಕದ್ದು ನೋಡಿದ್ದು ಎಲ್ಲ ಕಾಲಕ್ಕೂ ದುರಾಸೆಯಿಂದಲ್ಲ. ೧೯೮೦ ಮತ್ತು ೧೯೯೦ರ ದಶಕಗಳ ಅಮೆರಿಕದಲ್ಲಿ ಅನಿಮೆಯನ್ನು ನೋಡಲು ಬೇರೆ ದಾರಿಯೇ ಬಹುಮಟ್ಟಿಗೆ ಇರಲಿಲ್ಲ. ಅಭಿಮಾನಿಗಳು ತಾವೇ ಇಂಗ್ಲಿಷ್ ಅಡಿಬರಹಗಳನ್ನು ಸೇರಿಸಿ ವಿಡಿಯೋ ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಹಂಚಿಕೊಳ್ಳುತ್ತಿದ್ದರು. ಆ ದೇಶದಲ್ಲಿ ಯಾರಾದರೂ ಹಕ್ಕನ್ನು ಕೊಂಡ ಕೂಡಲೆ ಹಂಚುವುದನ್ನು ನಿಲ್ಲಿಸಬೇಕೆಂಬ ನಿಯಮವನ್ನು ಅವರಲ್ಲಿ ಅನೇಕರು ತಮಗೆ ತಾವೇ ಹಾಕಿಕೊಂಡಿದ್ದರು.

೨೦೦೬ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ‘ಕ್ರಂಚಿರೋಲ್’ ಕೂಡ ಮೊದಲಿಗೆ ಅಪ್ಪಣೆಯಿಲ್ಲದ ಪ್ರತಿಗಳನ್ನೇ ತೋರಿಸುತ್ತಿದ್ದ ತಾಣ. ಆದರೆ ೨೦೦೯ರ ಜನವರಿಯಲ್ಲಿ ಅದು ಟಿವಿ ಟೋಕಿಯೋದೊಡನೆ ಒಪ್ಪಂದ ಮಾಡಿಕೊಂಡು, ಕದ್ದ ಪ್ರತಿಗಳನ್ನು ತೆಗೆದುಹಾಕಿ, ನರುಟೊ ಮಾಲೆಯ ಹೊಸ ಕಂತುಗಳನ್ನು ಜಪಾನಿನಲ್ಲಿ ಪ್ರಸಾರವಾದ ಒಂದು ಗಂಟೆಯೊಳಗೆ ಚಂದಾದಾರರಿಗೆ ಒದಗಿಸತೊಡಗಿತು. ೨೦೨೧ರಲ್ಲಿ ಸೋನಿ ಸಂಸ್ಥೆ ಇದನ್ನು ೧೧೭.೫ ಕೋಟಿ ಡಾಲರಿಗೆ ಕೊಂಡುಕೊಂಡಿತು. ನೇರವಾದ, ಸುಲಭವಾದ, ಕೈಗೆಟುಕುವ ದಾರಿಯನ್ನು ತೆರೆದರೆ ಜನ ಅದರಲ್ಲಿ ನಡೆಯಲು ಸಿದ್ಧರಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೊರನಾಡಿನ ನೋಡುಗರ ಮಹತ್ವ ಇಂದು ಎಷ್ಟೆಂದರೆ, ಜಪಾನ್ ಆನಿಮೇಷನ್ ಸಂಘದ ವರದಿಯಂತೆ ೨೦೨೩ರಲ್ಲಿ ಅನಿಮೆಯ ಒಟ್ಟು ಮಾರುಕಟ್ಟೆ ಸುಮಾರು ೩.೩೪ ಲಕ್ಷ ಕೋಟಿ ಯೆನ್, ಅದರಲ್ಲಿ ೧.೭೨ ಲಕ್ಷ ಕೋಟಿ, ಎಂದರೆ ಅರ್ಧಕ್ಕಿಂತ ಹೆಚ್ಚು, ಜಪಾನಿನ ಹೊರಗಿನದು. ಎಲ್ಲೋ ದೂರದ ನಾವೊಬ್ಬರು ಕೊಡದಿದ್ದರೇನು ಎಂದು ಹೇಳುವ ಕಾಲ ಕಳೆದುಹೋಯಿತು. ಹನಿಗೂಡಿದರೆ ಹಳ್ಳ, ಆ ಹಳ್ಳದ ನೀರು ಈಗ ಹೆಚ್ಚಾಗಿ ಹೊರನಾಡಿನಿಂದಲೇ ಹರಿಯುತ್ತಿದೆ.

ಬಿಟ್ಟಿ ಹಂಚುವವರು ದಾನಿಗಳೆ?

ಕಳ್ಳ ತಾಣಗಳನ್ನು ನಡೆಸುವವರು ಕಲೆಯ ಮೇಲಿನ ಪ್ರೇಮದಿಂದ ದಾನ ಮಾಡುತ್ತಿದ್ದಾರೆಂದು ಭಾವಿಸುವುದು ಭ್ರಮೆ. ಜಪಾನಿನ ಚಿತ್ರಕಥಾ ಪುಸ್ತಕಗಳನ್ನು, ಎಂದರೆ ‘ಮಾಂಗಾ’ಗಳನ್ನು, ಕದ್ದು ಹಂಚುತ್ತಿದ್ದ ‘ಮಾಂಗಾಮುರಾ’ ಎಂಬ ತಾಣ ೨೦೧೮ರ ಏಪ್ರಿಲ್‌ನಲ್ಲಿ ಮುಚ್ಚಿತು. ಅದನ್ನು ನಡೆಸುತ್ತಿದ್ದವನಿಗೆ ಫುಕುವೋಕಾದ ನ್ಯಾಯಾಲಯ ೨೦೨೧ರಲ್ಲಿ ೩ ವರ್ಷಗಳ ಸೆರೆವಾಸವನ್ನೂ ೧ ಕೋಟಿ ಯೆನ್ ದಂಡವನ್ನೂ ವಿಧಿಸಿ, ಆತ ಗಳಿಸಿದ್ದ ೬ ಕೋಟಿ ೨೦ ಲಕ್ಷ ಯೆನ್ನನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೨೪ರಲ್ಲಿ ಟೋಕಿಯೋದ ನ್ಯಾಯಾಲಯ ಮೂವರು ಪ್ರಕಾಶಕರಿಗೆ ಸುಮಾರು ೧೭೦ ಕೋಟಿ ಯೆನ್ ಪರಿಹಾರ ಕೊಡುವಂತೆ ಆಜ್ಞಾಪಿಸಿತು. ಓದುಗರಿಗೆ ಬಿಟ್ಟಿ, ಬರೆದವರಿಗೆ ಸೊನ್ನೆ, ನಡುವೆ ಕುಳಿತವನಿಗೆ ಕೋಟಿ!

ಆ ಹಣ ಬಂದದ್ದು ಜಾಹೀರಾತುಗಳಿಂದ. ಮರ್ಯಾದಸ್ಥ ಕಂಪನಿಗಳು ಜಾಹೀರಾತು ಕೊಡಲು ಹಿಂಜರಿಯುವ ಇಂಥ ಜಾಗಗಳಲ್ಲಿ ಜೂಜಿನ ಕರೆಗಳು, ಅಶ್ಲೀಲ ಚಿತ್ರಗಳು, ಗಣಕಯಂತ್ರಕ್ಕೆ ಕೇಡು ತರುವ ಗುಪ್ತ ಕಾರ್ಯಕ್ರಮಗಳು ಸೇರಿಕೊಳ್ಳುತ್ತವೆ. ಹನ್ನೆರಡು ವರ್ಷದ ಬಾಲಕ ಚಿತ್ರಕಥೆಯನ್ನು ನೋಡಲು ಹೋಗಿ ಇಂಥ ಸಂತೆಯ ನಡುವೆ ನಿಲ್ಲುವುದನ್ನು ಯಾವ ತಾಯಿ ತಾನೆ ಒಪ್ಪಿಯಾಳು?

ನಮ್ಮ ದೇಶದ ಕಾನೂನು ಸಹ ಈ ವಿಷಯದಲ್ಲಿ ಮೃದುವಾಗಿಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೂ ಇದ್ದೇ ಇದೆ. ೨೦೨೩ರಲ್ಲಿ ತಿದ್ದುಪಡಿಯಾದ ಚಲನಚಿತ್ರ ಕಾಯಿದೆಯಂತೆ, ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೂ ಅಂಥ ಪ್ರತಿಗಳನ್ನು ಸಾರ್ವಜನಿಕರಿಗೆ ತೋರಿಸುವವರಿಗೂ ೩ ತಿಂಗಳಿನಿಂದ ೩ ವರ್ಷಗಳವರೆಗೆ ಸೆರೆವಾಸವನ್ನೂ ೩ ಲಕ್ಷ ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವನ್ನೂ ವಿಧಿಸಬಹುದು.

ನಮ್ಮ ನೋಟಕ್ಕೆ ಲೆಕ್ಕವುಂಟು

ಭಾರತದ ಅಭಿಮಾನಿಗಳು ನೇರದಾರಿಯಲ್ಲಿ ಕೇಳಿ ಪಡೆದ ಉದಾಹರಣೆಗಳೂ ಇವೆ. ಮಕೋಟೋ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯೂ’ ಚಿತ್ರವನ್ನು ನಮ್ಮ ದೇಶದಲ್ಲಿಯೂ ಬಿಡುಗಡೆ ಮಾಡಬೇಕೆಂದು ೫೦,೦೦೦ಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ೨೦೧೯ರ ಅಕ್ಟೋಬರ್ ೧೧ರಂದು ಅದು ಇಲ್ಲಿನ ಚಿತ್ರಮಂದಿರಗಳಿಗೆ ಬಂದಿತು. ೨೦೨೨ರಲ್ಲಿ ಕ್ರಂಚಿರೋಲ್ ಭಾರತದ ಚಂದಾದರವನ್ನು ತಿಂಗಳಿಗೆ ೭೯ ರೂಪಾಯಿಗೆ ಇಳಿಸಿತು. ಬೆಂಗಳೂರಿನ ಹೋಟೆಲಿನಲ್ಲಿ ಒಂದು ದೋಸೆ, ಒಂದು ಕಾಫಿಗೆ ಆಗುವ ಖರ್ಚು! ಅದೇ ವರ್ಷ ಹಿಂದಿ ಧ್ವನಿಯೂ ಮರುವರ್ಷ ತಮಿಳು, ತೆಲುಗು ಧ್ವನಿಗಳೂ ಸೇರಿದವು. ತೈವಾನಿನ ಮ್ಯೂಸ್ ಸಂಸ್ಥೆ ಹಕ್ಕು ಪಡೆದು ಯೂಟ್ಯೂಬಿನಲ್ಲಿ ಉಚಿತವಾಗಿಯೇ ಅನೇಕ ಮಾಲೆಗಳನ್ನು ತೋರಿಸಿದೆ. ಉಚಿತವಾದದ್ದೆಲ್ಲ ಕದ್ದದ್ದಲ್ಲ ಎಂಬುದನ್ನೂ ಗಮನಿಸಬೇಕು.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಪಾಠವಿದೆ. ೨೦೨೫ರ ಸೆಪ್ಟೆಂಬರ್ ೧೨ರಂದು ಡೆಮನ್ ಸ್ಲೇಯರ್ ಕಥೆಯ ‘ಇನ್‌ಫಿನಿಟಿ ಕ್ಯಾಸಲ್’ ಚಿತ್ರ ಭಾರತದಲ್ಲಿ ತೆರೆಕಂಡಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಧ್ವನಿಗಳಿದ್ದವು; ಕನ್ನಡವಿರಲಿಲ್ಲ. ಡಬ್ಬಿಂಗಿಗೆ ನಮ್ಮಲ್ಲಿ ದೀರ್ಘಕಾಲ ಇದ್ದ ವಿರೋಧ ಈಗ ಅಡ್ಡಿಯಾಗಬೇಕಾಗಿಲ್ಲ. ಅಂಥ ನಿರ್ಬಂಧದ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ ೨೦೧೫ರಲ್ಲಿಯೇ ತೀರ್ಪು ಕೊಟ್ಟಿದೆ. ಯಾವ ಭಾಷೆಗೆ ಹಣ ಹೂಡಬೇಕೆಂದು ಯೋಚಿಸುವ ವ್ಯಾಪಾರಿ ನೋಡುವುದು ತನ್ನ ಲೆಕ್ಕದ ಪುಸ್ತಕವನ್ನು. ಕಳ್ಳ ತಾಣದಲ್ಲಿ ಕುಳಿತ ಸಾವಿರಾರು ಕನ್ನಡಿಗರ ಹೆಸರು ಆ ಪುಸ್ತಕದಲ್ಲಿ ಇರುವುದಿಲ್ಲ. ಅವನ ಪಾಲಿಗೆ ಅವರು ಹುಟ್ಟಿಯೇ ಇಲ್ಲ. ಲೆಕ್ಕಕ್ಕೆ ಸಿಗದವರು ನಮ್ಮ ಭಾಷೆಯಲ್ಲಿ ಕೊಡಿ ಎಂದು ಕೇಳಿದರೆ ಯಾರು ಕಿವಿಗೊಟ್ಟಾರು?

ಆದರೂ ಒಂದು ತೊಡಕನ್ನು ಒಪ್ಪಿಕೊಳ್ಳಲೇಬೇಕು. ಹಕ್ಕುಗಳನ್ನು ದೇಶದೇಶಕ್ಕೆ ಬೇರೆಬೇರೆಯಾಗಿ ಮಾರುವುದರಿಂದ ಕೆಲವು ಮಾಲೆಗಳು ಭಾರತದಲ್ಲಿ ಯಾವ ನ್ಯಾಯವಾದ ತಾಣದಲ್ಲಿಯೂ ಸಿಗುವುದಿಲ್ಲ. ಒಂದು ಇಲ್ಲಿ, ಇನ್ನೊಂದು ಅಲ್ಲಿ ಎಂದು ಹಂಚಿಹೋಗಿ, ಎಲ್ಲಕ್ಕೂ ಚಂದಾ ಕಟ್ಟುವುದು ಮಧ್ಯಮವರ್ಗದ ಮನೆಗೆ ಭಾರವೂ ಆಗುತ್ತದೆ. ಇದು ಉದ್ಯಮದವರು ತಿದ್ದಿಕೊಳ್ಳಬೇಕಾದ ದೋಷ. ಹಾಗೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಎಲ್ಲ ತಾಣಗಳಿಗೂ ಒಮ್ಮೆಲೇ ಚಂದಾ ಕಟ್ಟದೆ, ಒಂದು ತಿಂಗಳು ಒಂದು, ಮರುತಿಂಗಳು ಇನ್ನೊಂದು ಎಂದು ಆರಿಸಿಕೊಳ್ಳಬಹುದು. ಹಕ್ಕು ಪಡೆದವರು ಉಚಿತವಾಗಿ ತೋರಿಸುವಲ್ಲಿ ನೋಡಬಹುದು. ಊರಿನ ಚಿತ್ರಮಂದಿರಕ್ಕೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಸಿಗದ ಚಿತ್ರಕ್ಕಾಗಿ ಸಂಸ್ಥೆಗಳಿಗೆ ಬರೆದು ಕೇಳಬಹುದು. ಕೆಲವೊಮ್ಮೆ ಸುಮ್ಮನೆ ಕಾಯಬಹುದು. ವಾರಪತ್ರಿಕೆಯ ಧಾರಾವಾಹಿಗಾಗಿ ಏಳು ದಿನ ಕಾಯುವ ಸುಖವನ್ನು ಬಲ್ಲ ಕುಟುಂಬಗಳಿಗೆ ಕಾಯುವುದನ್ನು ಕಲಿಸಬೇಕೆ?

ಮಕ್ಕಳನ್ನು ಗದರಿಸಿ ಮೊಬೈಲನ್ನು ಕಸಿದುಕೊಳ್ಳುವುದರಿಂದ ಫಲವಿಲ್ಲ. ಕಂತಿನ ಕೊನೆಯಲ್ಲಿ ಹೆಸರುಗಳ ಸಾಲು ಮೇಲೇರುತ್ತ ಹೋಗುತ್ತದಲ್ಲವೆ? ಮುಂದಿನ ಕಂತಿಗೆ ಹಾರುವ ಅವಸರದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಒಂದು ದಿನ ಮಕ್ಕಳ ಪಕ್ಕದಲ್ಲಿ ಕುಳಿತು ಆ ಸಾಲನ್ನು ಪೂರ್ತಿಯಾಗಿ ಓಡಲು ಬಿಡಿ. “ಇವರೆಲ್ಲ ಇದನ್ನು ಬರೆದವರು, ಇದು ಅವರ ಅನ್ನ” ಎಂದು ಒಂದು ಮಾತು ಹೇಳಿ. ದುಡಿದವನ ಹೆಸರನ್ನು ಒಮ್ಮೆ ಓದಿದ ಮಗುವಿಗೆ ಅವನ ದುಡಿಮೆಯನ್ನು ಕದಿಯಲು ಅಷ್ಟು ಸುಲಭವಾಗಿ ಮನಸ್ಸು ಬಾರದು.